ಕ್ಲ್ಯಾಟ್: ಉತ್ತರಕ್ಕೆ ಮೊದಲು ಪ್ರಶ್ನೆಯ ಬಗೆ ಗುರುತಿಸಿ

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರಲ್ಲಿ ವಕೀಲರಾಗಬೇಕೆಂಬ ಮಕ್ಕಳೂ ಇದ್ದಾರೆ. ಅವರಿಗಾಗಿ ಈ ಟಿಪ್ಪಣಿ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿ ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಕ್ಲ್ಯಾಟ್ ಬರೆಯಬೇಕು. ಈಗಿನ ಮಾದರಿಯಲ್ಲಿ 120 ನಿಮಿಷ, 120 ಪ್ರಶ್ನೆ. ತಪ್ಪು ಉತ್ತರಕ್ಕೆ 0.25 ಅಂಕ ಕಡಿತ. ಸುಮಾರು ಐದನೇ ಒಂದು ಭಾಗ ತಾರ್ಕಿಕ ಪ್ರಶ್ನೆಗಳು. ಪತ್ರಿಕೆ ಇಂಗ್ಲಿಷಿನಲ್ಲಿದೆ. ಕನ್ನಡ, ಉರ್ದು ಮಾಧ್ಯಮದಿಂದ ಬಂದವರು ಪ್ರಶ್ನೆಯ ಒಂದು ಪದ ತಪ್ಪಾಗಿ ತಿಳಿದರೂ, ಗೊತ್ತಿದ್ದ ಉತ್ತರವೇ ಕೈತಪ್ಪುತ್ತದೆ.

ಒಂದು ಉದಾಹರಣೆ ನೋಡೋಣ: “ಗ್ರಂಥಾಲಯವನ್ನು ರಾತ್ರಿ 9ರವರೆಗೆ ತೆರೆದಿಟ್ಟ ವರ್ಷ ಊರಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿತು. ಆದ್ದರಿಂದ ಗ್ರಂಥಾಲಯವೇ ಇದಕ್ಕೆ ಕಾರಣ.”

‘ಇನ್ಫರ್’ ಎಂದು ಕೇಳಿದರೆ, ಕೊಟ್ಟ ಮಾತುಗಳಿಂದ ಖಚಿತವಾಗಿ ಹೊರಡುವುದನ್ನಷ್ಟೇ ಆರಿಸಬೇಕು. ಹಿಂದಿನ ವರ್ಷದ ಫಲಿತಾಂಶ ಇದಕ್ಕಿಂತ ಕಡಿಮೆ ಇತ್ತು ಎಂಬುದು ಹಾಗೆ ಹೊರಡುತ್ತದೆ. ಹೊಸ ಸಂಗತಿ ತರುವ ಆಯ್ಕೆ ಇಲ್ಲಿ ತಪ್ಪು.

‘ವೀಕನ್’ ಎಂದರೆ ವಾದವನ್ನು ಸಡಿಲಗೊಳಿಸುವುದು. “ಅದೇ ವರ್ಷ ಶಾಲೆಯಲ್ಲಿ ವಿಶೇಷ ತರಗತಿ ಶುರುವಾಯಿತು” ಎಂಬುದು ಸರಿ ಉತ್ತರ. ಇದು ಹೊಸ ಸಂಗತಿಯೇ; ಆದರೆ ಇಲ್ಲಿ ಆಯ್ಕೆಯನ್ನು ನಿಜವೆಂದು ಒಪ್ಪಿ, ವಾದವನ್ನು ಪರೀಕ್ಷಿಸಬೇಕು.

‘ಸ್ಟ್ರೆಂಥನ್’ ಎಂದರೆ ವಾದಕ್ಕೆ ಬಲ ಕೊಡುವುದು. “ಗ್ರಂಥಾಲಯಕ್ಕೆ ಹೋಗದವರ ಅಂಕ ಏರಲಿಲ್ಲ” ಎಂಬುದು ಬಲ ಕೊಡುತ್ತದೆ.

‘ಅಸಂಪ್ಷನ್’ ಎಂದರೆ ಹೇಳದೆ ನಂಬಿಕೊಂಡದ್ದು. “ಫಲಿತಾಂಶದ ಏರಿಕೆಗೆ ಬೇರೊಂದು ಸಂಗತಿ ಕಾರಣವಲ್ಲ” ಎಂಬುದೇ ಆ ನಂಬಿಕೆ. ಅನುಮಾನವಿದ್ದರೆ ಆಯ್ಕೆಯನ್ನು ಉಲ್ಟಾ ಮಾಡಿ ನೋಡಿ: “ಬೇರೊಂದು ಸಂಗತಿಯೇ ಕಾರಣ” ಎಂದೊಡನೆ ವಾದ ಬಿದ್ದುಹೋಗುತ್ತದೆ. ಹಾಗೆ ಬಿದ್ದರೆ ಅದೇ ಉತ್ತರ.

ಒಂದೇ ವಾಕ್ಯ ಒಂದು ಬಗೆಯ ಪ್ರಶ್ನೆಗೆ ಸರಿಯಾಗಿ, ಇನ್ನೊಂದಕ್ಕೆ ತಪ್ಪಾಗುವುದು ಹೀಗೆ. ಆಯ್ಕೆಗಳಲ್ಲಿ ಇಂಥ ವಾಕ್ಯಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಬಗೆ ಗುರುತಿಸದೆ ಓದಿದರೆ ನಾಲ್ಕೂ ಸರಿಯೆನಿಸಬಹುದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಹಳೆಯ ಪತ್ರಿಕೆ ಹಿಡಿದು ಮೊದಲ ವಾರ ಉತ್ತರ ಬರೆಯಬೇಡಿ. ಪ್ರತಿ ಪ್ರಶ್ನೆಯ ಪಕ್ಕ ಅದರ ಬಗೆಯನ್ನಷ್ಟೇ ಬರೆಯಿರಿ. ಎರಡನೇ ವಾರದಿಂದ ಉತ್ತರಿಸಿ, ತಪ್ಪಿದಾಗ ಬಗೆ ತಪ್ಪಿತೋ, ತರ್ಕ ತಪ್ಪಿತೋ ಎಂದು ಗುರುತು ಹಾಕಿ. ಇದಕ್ಕೆ ದುಬಾರಿ ಕೋಚಿಂಗ್ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ದಿನಕ್ಕೆ ಒಂದು ಗಂಟೆ ಸಾಕು. ಆ ಒಂದು ಗಂಟೆ ಮಕ್ಕಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಮನೆಗೆಲಸಕ್ಕೆ ಕರೆಯದೆ ಓದಲು ಬಿಡಬೇಕೆಂದು ಪೋಷಕರಲ್ಲಿ ನಮ್ಮ ವಿನಂತಿ.