ಕೈಗೆಲಸದ ಕೊಠಡಿಯ ನೆಲ

ಗೃಹಸ್ಥರಾದವರು ಮನೆಯನ್ನು ಕಟ್ಟಿಸುವಾಗ ಪಡಸಾಲೆಯ ನೆಲಕ್ಕೆ ಕೊಡುವ ಗಮನದಲ್ಲಿ ನಾಲ್ಕನೆಯ ಒಂದು ಭಾಗವನ್ನಾದರೂ ಕೆಲಸದ ಕೊಠಡಿಯ ನೆಲಕ್ಕೆ ಕೊಡುವುದಿಲ್ಲವೆಂಬುದು ಅನುಭವಸಿದ್ಧವಾದ ಮಾತು. ಅತಿಥಿಗಳು ಅರ್ಧ ಗಳಿಗೆ ಕುಳಿತು ಹೋಗುವ ಸ್ಥಳಕ್ಕೆ ರತ್ನಗಂಬಳಿ. ಯಜಮಾನನು ಪ್ರತಿದಿನವೂ ಮೂರು ನಾಲ್ಕು ಗಂಟೆಗಳ ಕಾಲ ನಿಂತು ದುಡಿಯುವ ಸ್ಥಳಕ್ಕೆ ಬರಿಯ ನೆಲ! ಬಡಗಿಯ ಕೆಲಸವಾಗಲಿ, ಹೊಲಿಗೆಯಾಗಲಿ, ಕೆಟ್ಟ ವಿದ್ಯುತ್ ಉಪಕರಣಗಳನ್ನು ಸರಿಪಡಿಸುವುದಾಗಲಿ, ಮನೆಯಲ್ಲಿಯೇ ಒಂದು ಕೊಠಡಿಯನ್ನು ಕೈಗೆಲಸಕ್ಕೆಂದು ಬಿಟ್ಟುಕೊಂಡಿರುವವರಿಗೆ ಉಪಯೋಗವಾಗಲೆಂದು, ನಾನು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ.

ಈ ಕಲಿಕೆಯು ನನಗೆ ಸುಲಭವಾಗಿ ದೊರೆತುದಲ್ಲ. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ, ಬಾಲ್ಯದಿಂದಲೂ ಮನಸ್ಸಿನಲ್ಲಿದ್ದ ಬಡಗಿಯ ಕೆಲಸವನ್ನು ಮನೆಯ ಹಿಂಭಾಗದ ಕೊಠಡಿಯಲ್ಲಿ ಪ್ರಾರಂಭಿಸಿದೆನು. ಅಲ್ಲಿ ಹಾಸಿದ್ದುವು ಕನ್ನಡಿಯಂತೆ ಹೊಳೆಯುವ ಟೈಲ್ಸ್. ನೆಲದ ತಣುಪು ಕಾಲಿಗೆ ತಟ್ಟದಿರಲೆಂದು ಹಳೆಯ ಜಮಖಾನವೊಂದನ್ನು ಮಡಿಸಿ ಮೇಜಿನ ಮುಂದೆ ಹಾಕಿಕೊಂಡಿದ್ದೆನು. ಒಂದು ದಿನ ಉಳಿಯನ್ನು ಹಿಡಿದು ತಿರುಗುವಷ್ಟರಲ್ಲಿ, ನೆಲಕ್ಕೆ ಉದುರಿದ್ದ ಮರದ ಹೊಟ್ಟಿನ ಮೇಲೆ ಜಮಖಾನವು ಜಾರಿತು. ಅದರೊಡನೆ ನಾನೂ ಜಾರಿದೆನು. ಎಡಗೈಯ ಮಣಿಕಟ್ಟು ಮುರಿಯಿತು. ಉಳಿಯು ಮುಖದಿಂದ ಒಂದು ಗೇಣು ದೂರದಲ್ಲಿ ಬಿದ್ದಿತ್ತು.

“ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಏಕೆ ಬೇಕು?” ಎಂದು ಮನೆಯವರು ಕಣ್ಣೀರು ತಂದುಕೊಂಡರು. “ಅಪ್ಪಾ, ಆ ಕೊಠಡಿಗೆ ಬೀಗ ಹಾಕಿಬಿಡೋಣ” ಎಂದು ಹೇಳಿ ಮಗನು ಹೊಸ ಬೀಗವನ್ನೇ ಕೊಂಡುತಂದನು. ಅವರ ಭಯವು ನ್ಯಾಯವಾದುದೇ. ಆದರೆ ಕೈಗೆ ಕಟ್ಟು ಹಾಕಿಸಿಕೊಂಡು ಕುಳಿತಿದ್ದ ಆರು ವಾರಗಳಲ್ಲಿ ಯೋಚಿಸಿದಷ್ಟೂ, ಅಪರಾಧವು ಕೆಲಸದ್ದೂ ಅಲ್ಲ, ವಯಸ್ಸಿನದೂ ಅಲ್ಲ, ನೆಲದ್ದು ಎಂದು ನನಗೆ ದೃಢವಾಯಿತು. “ನೆಲವನ್ನು ಸರಿಪಡಿಸಿ ತೋರಿಸುತ್ತೇನೆ, ಆಮೇಲೂ ನಿಮಗೆ ಸಮಾಧಾನವಾಗದಿದ್ದರೆ ಬೀಗವನ್ನು ನಾನೇ ಹಾಕುತ್ತೇನೆ” ಎಂದು ಮಾತು ಕೊಟ್ಟೆನು.

ಕೆಲಸದ ನೆಲಕ್ಕೆ ಇರತಕ್ಕ ಗುಣಗಳು ಐದು. ಜಾರದಿರುವುದು, ಕಾಲಿಗೆ ಹಿತವಾಗಿರುವುದು, ಭಾರವನ್ನು ತಾಳುವುದು, ನೀರು ಎಣ್ಣೆ ಕಿಡಿಗಳಿಂದ ಕೆಡದಿರುವುದು, ಸುಲಭವಾಗಿ ಗುಡಿಸಲು ಬರುವುದು. ಇವುಗಳಲ್ಲಿ ಮೊದಲನೆಯದಿಲ್ಲವಾದರೆ ಉಳಿದ ನಾಲ್ಕೂ ವ್ಯರ್ಥ. ಭಾರವನ್ನು ತಾಳುವ ವಸ್ತುವು ಸಾಮಾನ್ಯವಾಗಿ ಕಾಲಿಗೆ ಕಠಿಣ. ಕಾಲಿಗೆ ಮೃದುವಾದುದು ಭಾರಕ್ಕೆ ಕುಗ್ಗುತ್ತದೆ. ಸಂಸ್ಕೃತದಲ್ಲಿ ಕಟ್ಟಿದ ನೆಲಕ್ಕೆ ಕುಟ್ಟಿಮವೆಂದೂ ಅದರ ಮೇಲಣ ಹಾಸಿಗೆಗೆ ಆಸ್ತರಣವೆಂದೂ ಬೇರೆ ಬೇರೆ ಹೆಸರುಂಟಷ್ಟೆ. ಈ ಭೇದವೇ ನಮಗೆ ದಾರಿ ತೋರಿಸುತ್ತದೆ. ಕೊಠಡಿಗೆಲ್ಲ ಗಟ್ಟಿಯಾದ ಕುಟ್ಟಿಮ, ನಿಲ್ಲುವ ಎಡೆಯಲ್ಲಿ ಮಾತ್ರ ಮೃದುವಾದ ಆಸ್ತರಣ: ಇದೇ ಮುಖ್ಯ ಸೂತ್ರ.

ಕುಟ್ಟಿಮಕ್ಕೆ ಹೊಳಪು ಕೊಡದ ಸಿಮೆಂಟ್ ಗಾರೆಯಾಗಲಿ, ತುಸು ತರಿಯಾಗಿರುವ ಶಹಾಬಾದ್ ಕಲ್ಲಾಗಲಿ ಉತ್ತಮ. ಹೊಳಪಿನ ಟೈಲ್ಸ್ ಆಗಲಿ ನಯಗೊಳಿಸಿದ ಗ್ರಾನೈಟ್ ಆಗಲಿ ಈ ಕೆಲಸಕ್ಕೆ ಸಲ್ಲವು. ಮೇಲೆ ಏನನ್ನಾದರೂ ಹಾಸುವ ಮೊದಲು ನೆಲದಲ್ಲಿ ತೇವವಿದೆಯೇ ಎಂಬುದನ್ನು ಪರೀಕ್ಷಿಸತಕ್ಕದ್ದು. ಎರಡು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ ಒಂದೆರಡು ದಿನ ಬಿಡಿರಿ. ತೆಗೆದಾಗ ಹಾಳೆಯ ಅಡಿಯಲ್ಲಿ ನೀರಿನ ಹನಿಗಳಿದ್ದರೆ ಆ ನೆಲಕ್ಕೆ ಯಾವುದನ್ನೂ ಅಂಟಿಸಬಾರದು. ಅಂಟಿಸಿದರೆ ಅಂಟು ಬಿಡುವುದು, ಬೂಷ್ಟು ಹಿಡಿಯುವುದು.

ಇನ್ನು ಆಸ್ತರಣಗಳ ವಿಚಾರ. ಗೋಣಿತಟ್ಟು ಸುಲಭಬೆಲೆಯದು, ಆದರೆ ಬಿಡಿಯಾಗಿ ಹಾಸಿದರೆ ಸರಿದುಹೋಗುತ್ತದೆ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ತೆಂಗಿನ ನಾರಿನ ಚಾಪೆಯು ತೇವವನ್ನು ಚೆನ್ನಾಗಿ ಸಹಿಸುವುದಾದರೂ ಮರದ ಹೊಟ್ಟನ್ನೂ ಮೊಳೆಗಳನ್ನೂ ತನ್ನೊಳಗೆ ಹುದುಗಿಸಿಕೊಳ್ಳುತ್ತದೆ. ಅದನ್ನು ಬಾಗಿಲಲ್ಲಿ ಹಾಕಿ, ಹೊಟ್ಟು ಮನೆಯೊಳಕ್ಕೆ ಹೋಗದಂತೆ ಕಾಲೊರೆಸಲು ಇಟ್ಟುಕೊಳ್ಳುವುದು ಮೇಲು. ನವಲಗುಂದದ ಜಮಖಾನಗಳು ನಮ್ಮ ನಾಡಿನ ಕೀರ್ತಿಗೆ ಭೂಷಣವಾದುವು. ಆದರೆ ಅವುಗಳ ಸ್ಥಾನ ಪಡಸಾಲೆ.

ಲಿನೋಲಿಯಂ ಎಂಬುದನ್ನು ಫ್ರೆಡರಿಕ್ ವಾಲ್ಟನ್ ಎಂಬ ಆಂಗ್ಲನು 1860ರ ದಶಕದಲ್ಲಿ ಪ್ರಚಾರಕ್ಕೆ ತಂದನು. ಅಗಸೆ ಎಣ್ಣೆಯು ಗಾಳಿಯ ಸಂಪರ್ಕದಿಂದ ಗಟ್ಟಿಯಾಗುವ ಗುಣವನ್ನು ಉಪಯೋಗಿಸಿ, ಅದರೊಡನೆ ರಾಳವನ್ನೂ ಕಾರ್ಕಿನ ಪುಡಿಯನ್ನೂ ಬೆರಸಿ ಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಳೆ ಅದು. ಬಹುಕಾಲ ಬಾಳುತ್ತದೆ, ಗುಡಿಸಲು ಸುಲಭ. ನೀರು ನಿಂತರೆ ಮಾತ್ರ ಅಂಚು ಕೆಡುತ್ತದೆ. ಅದೇ ಬಗೆಯಾಗಿ ಕಾಣುವ ಪಿ.ವಿ.ಸಿ. ಹಾಳೆಯು ನೀರಿಗೆ ಹೆದರದು, ಆದರೆ ಬಿಸಿಗೆ ಕರಗುತ್ತದೆ. ಎರಡು ವಸ್ತುಗಳನ್ನೂ ಒಂದೇ ಎಂದು ಭ್ರಮಿಸದೆ ಕೇಳಿ ಕೊಳ್ಳಬೇಕು.

ಒಂದಕ್ಕೊಂದು ಸಿಕ್ಕಿಸುವ ಹಗುರವಾದ ಫೋಮ್ ಚೌಕಗಳು ಕಾಲಿಗೆ ಬಹಳ ಸುಖಕರ; ಹೊಲಿಗೆಗೆ ಕುಳಿತವರ ಕಾಲ ಕೆಳಗೆ ಇರಬಹುದು. ಆದರೆ ಭಾರವಾದ ಮೇಜನ್ನಿಟ್ಟರೆ ಕುಳಿ ಬೀಳುವುದು. ಕಾದ ಬೆಸುಗೆ ಬಿದ್ದರೆ ತೂತಾಗುವುದು.

ನಿಂತು ಕೆಲಸಮಾಡುವವರಿಗೆ 10ರಿಂದ 12 ಮಿಲಿಮೀಟರ್ ದಪ್ಪದ ರಬ್ಬರ್ ಹಾಸು ಎಲ್ಲಕ್ಕಿಂತ ಮಿಗಿಲೆಂದು ನನ್ನ ಅಭಿಪ್ರಾಯ. ತನ್ನ ಭಾರದಿಂದಲೇ ಅದು ಸ್ಥಳದಲ್ಲಿ ನಿಲ್ಲುತ್ತದೆ. ಕೈತಪ್ಪಿ ಬಿದ್ದ ಉಳಿಯ ಬಾಯಿಯೂ ಮುಕ್ಕಾಗುವುದಿಲ್ಲ. ಅಂಚು ಇಳಿಜಾರಾಗಿದ್ದರೆ ಕಾಲು ತಗುಲಿ ಎಡವುವ ಭಯವಿಲ್ಲ. ಇದಕ್ಕೂ ದೋಷಗಳಿಲ್ಲದಿಲ್ಲ. ಹೊಸದರಲ್ಲಿ ವಾಸನೆಯುಂಟು, ಕೆಲವು ದಿನ ನೆರಳಿನಲ್ಲಿ ಗಾಳಿಗೆ ಹಾಕಬೇಕು. ಬಿಸಿಲಿಗೆ ಬಿರಿಯುತ್ತದೆ. ಸೀಮೆಎಣ್ಣೆ, ಯಂತ್ರದ ಎಣ್ಣೆಗಳು ಸಹಜ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಎಣ್ಣೆಯ ಕೆಲಸವಿದ್ದವರು ನೈಟ್ರೈಲ್ ಎಂಬ ಜಾತಿಯ ರಬ್ಬರನ್ನು ಕೇಳಿ ಕೊಳ್ಳತಕ್ಕದ್ದು.

ವಿದ್ಯುತ್ತಿನ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ರಬ್ಬರಾದ ಮಾತ್ರಕ್ಕೆ ವಿದ್ಯುತ್ತನ್ನು ತಡೆಯುವುದೆಂದು ನಂಬಬಾರದು. ಕರಿಯ ರಬ್ಬರಿಗೆ ಬೆರಸುವ ಇಂಗಾಲವು ವಿದ್ಯುತ್ತನ್ನು ಹಾಯಿಸಬಹುದು. ಐ.ಎಸ್. 15652 ಎಂಬ ಭಾರತೀಯ ಮಾನಕದ ಗುರುತುಳ್ಳ ಹಾಸನ್ನೇ ತರಬೇಕು. ಅದು ಇದ್ದರೂ ಮುಖ್ಯ ಸ್ವಿಚ್ಚನ್ನು ಆರಿಸಿಯೇ ಕೈಹಾಕಬೇಕು. ಮರಕ್ಕೆ ಅಗಸೆ ಎಣ್ಣೆ ಬಳಿಯುವವರಿಗೆ ಇನ್ನೊಂದು. ಲಿನೋಲಿಯಂ ಉಂಟಾಗಲು ಕಾರಣವಾದ ಗುಣವೇ ಇಲ್ಲಿ ಅಪಾಯಕ್ಕೂ ಕಾರಣ: ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಹಾಸಿನ ಮೇಲೆ ಬಿಟ್ಟರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖವು ಒಳಗೇ ಸೇರಿಕೊಂಡು, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅವುಗಳನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಿರಿ.

ಕೈ ಗುಣವಾದ ಮೇಲೆ ನಾನು ಟೈಲ್ಸನ್ನು ತೆಗೆಸಿ ಶಹಾಬಾದ್ ಕಲ್ಲನ್ನು ಹಾಸಿಸಿದೆನು. ಮೇಜಿನ ಮುಂದೆ ರಬ್ಬರ್, ಬಾಗಿಲಲ್ಲಿ ನಾರಿನ ಚಾಪೆ. ಕೆಲಸ ಮುಗಿದೊಡನೆ ಹೊಟ್ಟನ್ನು ಗುಡಿಸುವುದನ್ನು ನಿಯಮವಾಗಿ ಇಟ್ಟುಕೊಂಡೆನು. ಹೊಟ್ಟು ಬಿದ್ದರೆ ಎಂತಹ ನೆಲವೂ ಜಾರುವುದಷ್ಟೆ. ಪರೀಕ್ಷೆಗೆ ಬಂದವರು ಮನೆಯವರು. ಮಾತನಾಡದೆ ಹಾಸನ್ನು ಕಾಲಿನಿಂದ ಎರಡು ಬಾರಿ ನೂಕಿದರು, ಅದು ಕದಲಲಿಲ್ಲ. ಅದರ ಮೇಲೆ ಸ್ವಲ್ಪ ಹೊತ್ತು ನಿಂತು, “ಅಡಿಗೆಮನೆಗೂ ಇಂತಹುದೊಂದು ಬೇಕು” ಎಂದರು.

ಈಗ ಅವರ ಹೊಲಿಗೆಯ ಯಂತ್ರವೂ ಅದೇ ಕೊಠಡಿಗೆ ಬಂದಿದೆ. ಮಗನು ತಂದಿದ್ದ ಬೀಗವು ಮೊಮ್ಮಕ್ಕಳ ಕೈಗೆ ಸಿಕ್ಕದಂತೆ ಉಳಿಗಳ ಪೆಟ್ಟಿಗೆಯನ್ನು ಕಾಯುತ್ತಿದೆ.