ಧ್ವನಿಮುದ್ರಣದ ಒಡೆಯರಾರು?

ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ರೂಪುಗೊಂಡ 'ಹೌಸ್' ಸಂಗೀತ ಇಂದು ಹಾಸನದ ಕಾಲೇಜು ಹುಡುಗರ ಕಿವಿಯಲ್ಲೂ ಮೊಳಗುತ್ತಿದೆ. ಫ್ರಾಂಕಿ ನಕಲ್ಸ್ ಎಂಬಾತ ಧ್ವನಿಮುದ್ರಿಕೆಗಳನ್ನು ಬೆರೆಸಿ ನುಡಿಸುತ್ತಿದ್ದ 'ವೇರ್‌ಹೌಸ್' ಎಂಬ ನೃತ್ಯಶಾಲೆಯಿಂದ ಅದಕ್ಕೆ ಆ ಹೆಸರು ಬಂತು. ನನ್ನ ವಯಸ್ಸಿನವರಿಗೆ ಅದರ ಏಕತಾನದ ತಾಳ ರುಚಿಸುವುದು ಕಷ್ಟ. ಆದರೆ ಅದರ ಹಿಂದಿನ ಅರ್ಥಶಾಸ್ತ್ರ ಕುತೂಹಲಕಾರಿಯಾದುದು. ನ್ಯೂಯಾರ್ಕಿನ ಲೂಯಿ ವೇಗಾ ಮತ್ತು ಕೆನ್ನಿ ಗೊನ್ಜಾಲೆಸ್ 'ಮಾಸ್ಟರ್ಸ್ ಅಟ್ ವರ್ಕ್' ಎಂಬ ಹೆಸರಿನಲ್ಲಿ ಜೊತೆಯಾಗಿ ಸಂಗೀತ ನಿರ್ಮಿಸಿದರು. ಅದನ್ನು ಹೊರತರಲು ತಮ್ಮದೇ ಲೇಬಲ್ಲನ್ನೂ ಕಟ್ಟಿಕೊಂಡರು.

ಸಂಗೀತದ ಜೋಡಿಗಳು ನಮಗೇನೂ ಹೊಸತಲ್ಲ. ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಜನಿಸಿದ ಸಿ. ಅಶ್ವತ್ಥ್ ಅವರು ಎಲ್. ವೈದ್ಯನಾಥನ್ ಅವರೊಡಗೂಡಿ 'ಅಶ್ವತ್ಥ್-ವೈದಿ' ಎಂಬ ಹೆಸರಿನಲ್ಲಿ 'ನಾರದ ವಿಜಯ', 'ಆಲೆಮನೆ' ಮುಂತಾದ ಚಿತ್ರಗಳಿಗೆ ಸಂಗೀತ ನೀಡಿದರು. ಶಿಶುನಾಳ ಶರೀಫರ ತತ್ವಪದಗಳನ್ನು ಮನೆಮನೆಗೆ ತಲುಪಿಸಿದ್ದು ಅಶ್ವತ್ಥ್ ಅವರ ರಾಗಸಂಯೋಜನೆ ಮತ್ತು ಕ್ಯಾಸೆಟ್ಟುಗಳು. ಹೊಳೆನರಸೀಪುರ, ಅರಕಲಗೂಡುಗಳ ಬಸ್ ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಅವು ದಿನವಿಡೀ ಹಾಡುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಇಷ್ಟು ಜನಪ್ರಿಯರಾದ ಸಂಯೋಜಕರೂ ದಶಕಗಳ ಕಾಲ ಐ.ಟಿ.ಐ. ಕಾರ್ಖಾನೆಯ ನೌಕರಿಯಲ್ಲಿದ್ದರೆಂಬುದು ಗಮನಾರ್ಹ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಾಗಕ್ಕೆ ಕರ್ತೃ ಸಂಯೋಜಕನೇ. ಆದರೆ ಧ್ವನಿಮುದ್ರಣಕ್ಕೆ 'ಕರ್ತೃ' ಎಂದರೆ ಅದರ ನಿರ್ಮಾಪಕ! ಹಾಡಿದವನಲ್ಲ, ನುಡಿಸಿದವನಲ್ಲ. ಆ ಹಕ್ಕು ಪ್ರಕಟಣೆಯ ಬಳಿಕ 60 ವರ್ಷ ಬಾಳುತ್ತದೆ. ಮುದ್ರಣಕ್ಕೆ ಒಮ್ಮೆ ಹಣ ಹೂಡಿದರೆ ಸಾಕು, ನಂತರದ ಪ್ರತಿಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಆದಾಯವೆಲ್ಲ ಹರಿಯುವುದು ಆ ಮೂಲಪ್ರತಿಯ ಒಡೆಯನ ಕಡೆಗೆ.

ಕಲಾವಿದರೇ ಲೇಬಲ್ ಕಟ್ಟಿದರೆ ಏನಾಗಬಹುದೆಂಬುದಕ್ಕೆ ಒಂದು ನಿದರ್ಶನವಿದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ್ದರು. ಕೊನೆಗೆ 2008ರಲ್ಲಿ ಅವರ ಮೊದಲ ಆಲ್ಬಂ ಹೊರತಂದವರು ಮುಂಬಯಿಯ ವಿಶಾಲ್-ಶೇಖರ್ ಜೋಡಿ, ತಮ್ಮದೇ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಮೂಲಕ. ಅದೇ ಶರೀಫರು ಗಿಟಾರಿನೊಡನೆ ಹೊಸ ತಲೆಮಾರನ್ನು ತಲುಪಿದ್ದು ಹೀಗೆ. ಮಾರುಕಟ್ಟೆ ಎಲ್ಲಿದೆ ಎಂದು ಲೆಕ್ಕ ಕೇಳುವ ವ್ಯವಸ್ಥಾಪಕನಿಗೆ ಕೇಳಿಸದಿದ್ದುದು ಸಂಗೀತಗಾರನ ಕಿವಿಗೆ ಕೇಳಿಸಿತು.

ಇತ್ತೀಚೆಗೆ ಇಬ್ಬರು ತರುಣರು, ಒಬ್ಬ ಹೊಳೆನರಸೀಪುರದವನು, ಇನ್ನೊಬ್ಬ ಅರಕಲಗೂಡಿನವನು, ಒಂದು ಕರಾರುಪತ್ರ ಹಿಡಿದು ನನ್ನಲ್ಲಿಗೆ ಬಂದರು. ಸರ್ಕಾರಿ ಕಾಗದ ಓದಿ ಸವೆದ ಕಣ್ಣೆಂಬ ನಂಬಿಕೆಯಿರಬೇಕು. ಲ್ಯಾಪ್‌ಟಾಪಿನಲ್ಲೇ ಹೌಸ್ ಸಂಗೀತ ಸಿದ್ಧಪಡಿಸುವ ಇವರಿಗೆ ಒಂದು ಕಂಪನಿ ಇಡುಗಂಟು ಕೊಟ್ಟು ಸಕಲ ಹಕ್ಕುಗಳನ್ನೂ ಬರೆಸಿಕೊಳ್ಳಲು ಮುಂದಾಗಿತ್ತು. 2012ರ ತಿದ್ದುಪಡಿಯಿಂದಾಗಿ ಸಂಯೋಜಕರು ರಾಯಧನದ ಸಮಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ ಎಂದು ವಿವರಿಸಿದೆ. ಆದರೆ ಆ ರಕ್ಷಣೆ ಇರುವುದು ರಾಗಕ್ಕೆ. ಧ್ವನಿಮುದ್ರಣ ಕೈಬಿಟ್ಟರೆ ಬಿಟ್ಟಂತೆಯೇ. ಕರಾರಿನಲ್ಲಿ ಅವಧಿ ನಮೂದಾಗದಿದ್ದರೆ ಐದೇ ವರ್ಷವೆಂದು ಕಾಯ್ದೆ ಭಾವಿಸುತ್ತದೆ ನಿಜ. ಚಾಣಾಕ್ಷರು 'ಶಾಶ್ವತವಾಗಿ' ಎಂಬ ಪದವನ್ನು ಮರೆಯುವುದಿಲ್ಲ. ಈ ಪತ್ರದಲ್ಲೂ ಅದಿತ್ತು.

ಸಹಿ ಹಾಕದೆ ತಮ್ಮದೇ ಲೇಬಲ್ ತೆರೆಯುವುದಾಗಿ ಹೇಳಿದರು. ಹಾಡನ್ನು ಜಗತ್ತಿಗೆ ತಲುಪಿಸಲು ಈಗ ಅಂಗಡಿ, ಗೋದಾಮು ಬೇಕಿಲ್ಲ. ಆದರೆ ಆ ಜನಜಂಗುಳಿಯಲ್ಲಿ ಕೇಳುಗನನ್ನು ಹುಡುಕುವ ಖರ್ಚು ಅವರದೇ. ಅದನ್ನು ಅವರು ಲಘುವಾಗಿ ಎಣಿಸಿದ್ದಾರೆಂದೇ ನನ್ನ ಭಾವನೆ.

ಹೊರಡುವ ಮುನ್ನ ಒಂದು ಹಾಡು ಕೇಳಿಸಿದರು. ಯಂತ್ರದ ತಾಳದ ನಡುವೆ ಎದೆ ನಡುಗಿಸುವಂಥ ತಮಟೆಯ ಸದ್ದು. ಎಲ್ಲಿಯದೆಂದು ಕೇಳಿದೆ. ಜಾತ್ರೆಯೊಂದರಲ್ಲಿ ನುಡಿಸುತ್ತಿದ್ದ ಮೂವರನ್ನು ಕರೆಸಿ ಮುದ್ರಿಸಿಕೊಂಡೆವು, ಸಾವಿರ ರೂಪಾಯಿ ಮತ್ತು ಊಟ ಕೊಟ್ಟೆವು ಎಂದರು. ಪ್ರದರ್ಶಕರಿಗೂ ಕಾಯ್ದೆಯಲ್ಲಿ ಹಕ್ಕಿದೆಯಲ್ಲ, ಅವರ ಹೆಸರೇನು ಎಂದೆ. ಇಬ್ಬರಿಗೂ ನೆನಪಿರಲಿಲ್ಲ. ಮುಂದಿನ ವಾರ ಆ ಊರಿಗೆ ಹೋಗಿ ಕೇಳಿಕೊಂಡು ಬರುತ್ತೇವೆ ಎಂದಿದ್ದಾರೆ.