ಮಿತವಾದ ಅಂಗಸಾಧನೆಯೂ ದೇಹಭಾರವೂ

ಶಾಲೆಯಲ್ಲಿದ್ದಾಗ ದಿನವೂ ಡ್ರಿಲ್ಲು ಮಾಡಿ, ಸಂಜೆ ಆಟದ ಬಯಲಿನಲ್ಲಿ ಓಡಾಡಿದ ಬಾಲಿಕೆಯರು, ಸಂಸಾರಭಾರವನ್ನು ಹೊತ್ತ ಮೇಲೆ ಅಂಗಸಾಧನೆಯನ್ನು ಸಂಪೂರ್ಣವಾಗಿ ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ವರ್ಷಗಳು ಕಳೆದಂತೆ ದೇಹಭಾರವು ಹೆಚ್ಚುತ್ತದೆ. ಮೆಟ್ಟಲು ಹತ್ತುವಾಗ ಏದುಸಿರು ಬರುತ್ತದೆ. ಇದನ್ನು ವಯೋಧರ್ಮವೆಂದೆಣಿಸಿ ಸುಮ್ಮನಿರುವುದು ಯುಕ್ತವಲ್ಲ. ನಮ್ಮ ದೇಶದವರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಶೇಖರವಾಗುವುದು ಹೆಚ್ಚು. ಸ್ತ್ರೀಯರ ಸೊಂಟದ ಸುತ್ತಳತೆಯು 80 ಸೆಂಟಿಮೀಟರಿಗೆ ಮೀರಿದರೆ ಮಧುಮೇಹ, ರಕ್ತದ ಒತ್ತಡ, ಹೃದ್ರೋಗ ಇವುಗಳ ಭಯವು ಅಧಿಕವಾಗುವುದೆಂದು ವೈದ್ಯರು ಹೇಳುತ್ತಾರೆ.

ಮೊದಲು ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದುಕೊಳ್ಳೋಣ. ವ್ಯಾಯಾಮವೊಂದರಿಂದಲೇ ಶರೀರವು ಬೇಗನೆ ಇಳಿಯಲಾರದು. ಅರ್ಧ ಗಂಟೆ ಚುರುಕಾಗಿ ನಡೆದರೆ ವ್ಯಯವಾಗುವುದು ಸುಮಾರು 100 ರಿಂದ 150 ಕ್ಯಾಲೊರಿ. ಒಂದು ದೊಡ್ಡ ತುಂಡು ಮೈಸೂರುಪಾಕಿನಿಂದ ಅಷ್ಟೂ ಹಿಂದಿರುಗಿ ಬರುವುದು. ಒಂದು ಕಿಲೋಗ್ರಾಂ ಕೊಬ್ಬಿನಲ್ಲಿಯಾದರೋ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಆದುದರಿಂದ ಭಾರವನ್ನು ಇಳಿಸುವುದರಲ್ಲಿ ಹೆಚ್ಚಿನ ಪಾಲು ಮಿತಾಹಾರದ್ದು. ಹಾಗಾದರೆ ವ್ಯಾಯಾಮವೇಕೆ? ಆಹಾರವನ್ನು ಮಾತ್ರ ತಗ್ಗಿಸಿದರೆ ಕೊಬ್ಬಿನೊಡನೆ ಮಾಂಸಖಂಡಗಳೂ ಕ್ಷಯಿಸುವುವು. ಅವುಗಳನ್ನು ಉಳಿಸಿಕೊಳ್ಳಲಿಕ್ಕೂ, ಒಮ್ಮೆ ಇಳಿದ ಭಾರವು ಮತ್ತೆ ಏರದಂತೆ ತಡೆಯಲಿಕ್ಕೂ ಅಂಗಸಾಧನೆಯು ನೆರವಾಗುತ್ತದೆ. ತಕ್ಕಡಿಯ ಮುಳ್ಳು ಕದಲದಿದ್ದರೂ ರಕ್ತದ ಸಕ್ಕರೆ ಮತ್ತು ಒತ್ತಡಗಳು ಹತೋಟಿಗೆ ಬರಲು ಸಹಾಯವಾಗುತ್ತದೆ. 70 ಕಿಲೋಗ್ರಾಂ ತೂಗುವವರು ಮೂರೂವರೆ ಕಿಲೋಗ್ರಾಂ ಇಳಿದರೂ ಆರೋಗ್ಯಕ್ಕೆ ಲಾಭವುಂಟು.

ಸ್ವಲ್ಪ ಚಲನೆಯಿಂದ ಏನು ಪ್ರಯೋಜನವೆಂದು ಸಂಶಯಪಡಬೇಕಾಗಿಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಮೆಟ್ಟಲುಗಳನ್ನು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಾಗಿದ್ದುದನ್ನು ಡಾಕ್ಟರ್ ಜೆರಿ ಮಾರಿಸರೂ ಅವರ ಸಂಗಡಿಗರೂ 1953 ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2020 ರಲ್ಲಿ, ವಯಸ್ಕರಿಗೆ ವಾರಕ್ಕೆ 150 ನಿಮಿಷಗಳಾದರೂ ಸಾಧಾರಣ ವ್ಯಾಯಾಮವು ಬೇಕೆಂದೂ, ಚಿಕ್ಕ ಚಿಕ್ಕ ಅವಧಿಗಳೂ ಲೆಕ್ಕಕ್ಕೆ ಬರುವುವೆಂದೂ ತಿಳಿಸಿದೆ.

ಆದರೂ ಮೊದಲ ದಿನವೇ ಅತಿಯಾಗಿ ಶ್ರಮಪಟ್ಟು, ಮೈಕೈ ನೊಂದು, ಎರಡನೆಯ ವಾರದಲ್ಲಿ ಕೈಬಿಡುವವರೇ ಬಹುಮಂದಿ. ಮೊದಲ ವಾರ ದಿನಕ್ಕೆ 10 ನಿಮಿಷ ನಡೆದರೆ ಸಾಕು. ಅನಂತರ ವಾರವಾರಕ್ಕೆ 5 ನಿಮಿಷ ಸೇರಿಸುತ್ತ ಅರ್ಧ ಗಂಟೆಗೆ ಮುಟ್ಟಬಹುದು. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಇದೇ ತಕ್ಕ ವೇಗದ ಗುರುತು. ವಾರಕ್ಕೆರಡು ದಿನ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ, ಗೋಡೆಗೆ ಅಂಗೈಯೊತ್ತಿ ದೇಹವನ್ನು ಮುಂದಕ್ಕೂ ಹಿಂದಕ್ಕೂ ತರುವುದನ್ನೂ ಹತ್ತು ಹತ್ತು ಸಲ ಮಾಡಿದರೆ ಅಂಗಗಳಿಗೆ ಬಲವುಂಟಾಗುವುದು. ಎದೆನೋವು ಇರುವವರೂ, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರೂ ಮುಂಚಿತವಾಗಿ ವೈದ್ಯರನ್ನು ಕೇಳತಕ್ಕದ್ದು.

ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ನಾವು ಸಾಲಾಗಿ ನಿಲ್ಲುತ್ತಿದ್ದೆವು. ಮನೆಯಲ್ಲಿ ಆ ಗಂಟೆಯಿಲ್ಲ. ಆದಕಾರಣ ಬೆಳಗಿನ ಕಾಫಿಯಾದೊಡನೆ, ಇಲ್ಲವೆ ಮಕ್ಕಳು ಶಾಲೆಗೆ ಹೊರಟೊಡನೆ, ಎಂದು ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಇದನ್ನು ಜೋಡಿಸಿಕೊಳ್ಳಬೇಕು. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಮರುದಿನ ತಪ್ಪದಿದ್ದರಾಯಿತು.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳುವರು. ಉಸಿರು ಬಿರುಸಾಗುವಂತೆ ನೆಲ ಒರಸಿದರೆ ಅದೂ ವ್ಯಾಯಾಮವೇ ಸರಿ. ಒಲೆಯ ಮುಂದೆ ನಿಂತಿರುವುದು ಅಲ್ಲ. ತನಗಾಗಿ ಅರ್ಧ ಗಂಟೆಯನ್ನು ತೆಗೆದಿಡುವುದು ಸ್ವಾರ್ಥವೆಂಬ ಸಂಕೋಚವೇ ನಮ್ಮ ಸ್ತ್ರೀಯರಿಗೆ ದೊಡ್ಡ ಅಡ್ಡಿ. ಆ ಅರ್ಧ ಗಂಟೆಯಲ್ಲಿ ಮನೆಯ ಕೆಲಸವನ್ನು ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿ. ತಾಯಿಯು ನಿತ್ಯವೂ ನಡೆಯುವುದನ್ನು ಕಂಡು ಬೆಳೆದ ಮಗಳು, ಶಾಲೆಯನ್ನು ಬಿಟ್ಟ ಮೇಲೂ ಅಂಗಸಾಧನೆಯನ್ನು ಬಿಡಬೇಕಾಗಿಲ್ಲವೆಂಬುದನ್ನು ತಾನಾಗಿಯೇ ಕಲಿಯುವಳು.